ಗಂಡಸರ ಡಾಬು

ಗಂಡಸರಿಗೆ ಒಡವೆಯ ಆಸೆ ಇಲ್ಲ ಅನ್ನುವ ಮಾತನ್ನು ನಂಬುವುದು ಬಿಟ್ಟು ನನಗೆ ಬಹಳ ಕಾಲವಾಯಿತು. ಆಸೆ ಇದೆ, ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲ, ಅಷ್ಟೆ. ಹಳೇಬೀಡಿಗೆ ಹೋದಾಗ ಗೈಡ್ ಅವಸರ ಮಾಡಿದರೂ ಕಿವಿಗೊಡದೆ ಬಾಗಿಲ ಇಕ್ಕೆಲದ ದ್ವಾರಪಾಲಕರನ್ನು ಸಾವಕಾಶವಾಗಿ ನೋಡಿ. ತಲೆಗೆ ಕಿರೀಟ, ಹಾರದ ಮೇಲೆ ಹಾರ, ತೋಳಿಗೆ ಬಂದಿ, ಕೈಗೆ ಕಡಗ, ಸೊಂಟಕ್ಕೆ ಗೊಂಚಲು ಇಳಿಬಿಟ್ಟ ಪಟ್ಟಿ. ಬಾಗಿಲು ಕಾಯುವವರಿಗೇ ಇಷ್ಟು ಒಡವೆ ಅಂದಮೇಲೆ ಒಳಗಿದ್ದ ಯಜಮಾನರಿಗೆ ಇನ್ನೆಷ್ಟಿತ್ತೋ! ಆಮೇಲಿನ ಒಂಬೈನೂರು ವರ್ಷಗಳಲ್ಲಿ ಏನಾಯಿತೋ ಏನೋ, ಒಂದೊಂದಾಗಿ ಎಲ್ಲ ಕಳಚಿಬಿತ್ತು. ಕಿವಿಯ ಹತ್ತಕಡಕು ನಮ್ಮ ತಾತಂದಿರ ಜೊತೆಗೇ ಹೋಯಿತು. ಕೈಗಡಿಯಾರವನ್ನು ಮೊಬೈಲು ತಿಂದುಹಾಕಿತು. ಉಳಿದದ್ದು ಮದುವೆಯಲ್ಲಿ ಮಾವ ಹಾಕಿದ ಉಂಗುರ, ಒಂದೆಳೆ ಸರ. ಸರವೂ ಷರ್ಟಿನ ಒಳಗೆ. ಇಷ್ಟೆಲ್ಲ ಕಳಕೊಂಡ ಮೇಲೂ ಹೊಟ್ಟೆಯ ನಟ್ಟನಡುವೆ, ಹತ್ತು ಜನಕ್ಕೆ ಕಾಣುವ ಹಾಗೆ ಹೊಳೆಯುತ್ತಿರುವುದು ಒಂದೇ ಒಂದು: ಬೆಲ್ಟಿನ ಬಕಲ್. ಅದನ್ನು ಒಡವೆ ಅಂದುನೋಡಿ, ಜಗಳಕ್ಕೇ ಬರುತ್ತಾರೆ. ಅದು ಇರುವುದು ಪ್ಯಾಂಟು ಜಾರದ ಹಾಗೆ ಹಿಡಿಯುವುದಕ್ಕಂತೆ.

ಈ ವಿಷಯದಲ್ಲಿ ನನ್ನ ವಿದ್ಯಾಭ್ಯಾಸವೆಲ್ಲ ಆದದ್ದು ಕಾಂಪೌಂಡ್ ಗೋಡೆಯ ಪಕ್ಕದಲ್ಲಿ. ಮೈಸೂರಿನ ನಮ್ಮ ಬೀದಿ ಹಳೆಯದು, ಮನೆ ಮನೆಗಳ ನಡುವಿನ ಗೋಡೆ ಎದೆಮಟ್ಟಕ್ಕಿಂತ ಮೇಲೆ ಹೋಗಿಲ್ಲ. ಗೋಡೆಯ ಆಚೆ ಆಚಾರ್ರ ಮನೆ. ಬೀದಿಯ ಅರ್ಧ ಹೆಂಗಸರ ಮಾಂಗಲ್ಯ ಅವರ ಕೈಯಲ್ಲೇ ಆದದ್ದು. ಅವರು ಕೂತು ಕೆಲಸ ಮಾಡುತ್ತಿದ್ದ ಮುಂದಿನ ಕೋಣೆ ಈಗ ಮೊಮ್ಮಗಳ ಪಾಲಾಗಿದೆ. ನನ್ನ ಕೈಯಲ್ಲಿ ಏಳನೇ ಕ್ಲಾಸು ಓದಿದ ಹುಡುಗಿ. ಆಮೇಲೆ ಕಾವಾ ಕಲಾಶಾಲೆಯಲ್ಲಿ ಶಿಲ್ಪಕಲೆ ಕಲಿತು ಬಂದಳು. ಕಾರ್ಡಿನಲ್ಲಿ ‘ಜ್ಯುವೆಲ್ಲರಿ ಆರ್ಟಿಸ್ಟ್’ ಎಂದು ಹಾಕಿಸಿಕೊಂಡಿದ್ದಾಳೆ. ಅದನ್ನು ನೋಡಿ ಜುಮುಕಿ ಕೇಳಿಕೊಂಡು ಬಂದವರು ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಾರೆ. ಅವಳು ಮಾಡುವುದು ಬಕಲ್, ಕಫ್‌ಲಿಂಕು, ಸೊಂಟಕ್ಕೆ ಸಿಕ್ಕಿಸುವ ಕೀಲಿಗೊಂಚಲು, ಸೆರಗಿನ ಪಿನ್ನು, ಚರ್ಮದ ಚೀಲದ ಕೊಂಡಿ. ಹೆಚ್ಚಿನ ಪಾಲು ಹಿತ್ತಾಳೆ, ಆಗೊಮ್ಮೆ ಈಗೊಮ್ಮೆ ಬೆಳ್ಳಿ. ಆಚಾರ್ರು ಜಗಲಿಯ ಕುರ್ಚಿಯಲ್ಲಿ ಕೂತು, ಏನೂ ಕೇಳಿಸದವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಬಟ್ಟೆ ಒಣಹಾಕುವ ನೆಪ ನನಗೆ ದಿನಾ ಇದ್ದೇ ಇದೆ. ಕ್ಲಿಪ್ಪು ಹಾಕುತ್ತಲೇ, “ಏನಮ್ಮ ಇವತ್ತು, ಮತ್ತೆ ಗಂಡಭೇರುಂಡವಾ?” ಎನ್ನುತ್ತೇನೆ. ಹತ್ತು ಬಕಲ್ಲಿಗೆ ಆರು ಗಂಡಭೇರುಂಡವೇ. ಸರ್ಕಾರದ ಮುದ್ರೆಯಲ್ಲೂ ಅದೇ, ಪೊಲೀಸರ ಲಾಂಛನದಲ್ಲೂ ಅದೇ, ಆದರೂ ಮೈಸೂರಿನವರಿಗೆ ಅದರ ಮೇಲಿನ ಮೋಹ ತೀರುವುದಿಲ್ಲ. ಅವಳಿಗೂ ಆ ಪಕ್ಷಿಯ ಮೇಲೆ ಪ್ರೀತಿ, ಕಾರಣ ಮಾತ್ರ ಬೇರೆ. ಕಾಗದ ಮಡಿಚಿ ಅರ್ಧ ಬರೆದರೆ ಸಾಕು, ಬಿಚ್ಚಿದಾಗ ಎರಡು ತಲೆ, ಎರಡು ರೆಕ್ಕೆ ತಾನೇ ಸರಿಯಾಗಿರುತ್ತವೆ. ಆ ಕಾಗದವನ್ನು 2 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನ ಮೇಲೆ ಅಂಟಿಸಿ, ತೆಗೆಯಬೇಕಾದ ಜಾಗದಲ್ಲೆಲ್ಲ ಸಣ್ಣ ತೂತು ಕೊರೆದುಕೊಳ್ಳುತ್ತಾಳೆ. ಗರಗಸದ ಅಲಗನ್ನು ಚೌಕಟ್ಟಿನ ಒಂದು ತುದಿಯಿಂದ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿಯುತ್ತಾಳೆ. ಅಲಗು ಎಷ್ಟು ತೆಳು ಅಂದರೆ ಹಲ್ಲು ಯಾವ ಕಡೆಗಿದೆ ಅನ್ನುವುದು ಬೆರಳಲ್ಲಿ ಸವರಿದರೇ ಗೊತ್ತಾಗುವುದು. ಅದಕ್ಕೊಂದಿಷ್ಟು ಜೇನುಮೇಣ ಸವರಿ, ಕೈಯನ್ನು ನೆಟ್ಟಗೆ ಮೇಲೆ ಕೆಳಗೆ ಆಡಿಸುತ್ತಾ, ತಗಡನ್ನೇ ಅಲಗಿನ ಮುಂದೆ ತಿರುಗಿಸುತ್ತಾ ಹೋಗಬೇಕು. ಸ್ವಲ್ಪ ಓರೆಯಾದರೆ ಟಣ್ ಎಂದು ಮುರಿಯುತ್ತದೆ. ಆ ಟಣ್ ಗೋಡೆಯ ಈಚೆಗೂ ಕೇಳಿಸುತ್ತದೆ. ಅದರ ಹಿಂದೆಯೇ ಬರುವ ಮಾತನ್ನು ಟೀಚರಾಗಿ ನಾನು ಕೇಳಿಸಿಕೊಳ್ಳದಿರುವುದು ಒಳ್ಳೆಯದು.

ಒಳಗಿನ ಕಿಂಡಿಗಳನ್ನೆಲ್ಲ ಮೊದಲು ಕತ್ತರಿಸಿ ಹೊರಗಿನ ಗೆರೆಯನ್ನು ಕೊನೆಗೆ ಕತ್ತರಿಸಬೇಕು. ಯಾಕೆ ಎಂದು ಕೇಳಿದ್ದಕ್ಕೆ ಜಗಲಿಯಿಂದ ಉತ್ತರ ಬಂತು: “ಹೊರಗಡೆ ಮೊದ್ಲು ಕತ್ತರಿಸಿಬಿಟ್ರೆ ಆಮೇಲೆ ಹಿಡ್ಕೊಳೋಕೆ ಏನಿರತ್ತೆ ಟೀಚರಮ್ಮ?”

ಉಬ್ಬುಕೆಲಸ ಬೇಕಾದರೆ ಬೇರೆ ದಾರಿ. ರಾಳ, ಇಟ್ಟಿಗೆಪುಡಿ, ಸ್ವಲ್ಪ ಎಣ್ಣೆ ಸೇರಿಸಿ ಕಾಯಿಸಿದ ಅರಗನ್ನು ಒಂದು ಬಟ್ಟಲಿಗೆ ತುಂಬಿ, ಬಿಸಿಯಿದ್ದಾಗಲೇ ತಗಡನ್ನು ಅದರ ಮೇಲೆ ಕೂರಿಸುತ್ತಾರೆ. ಆರಿದ ಮೇಲೆ ಅರಗು ತಗಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದೇ ಸಮಯಕ್ಕೆ ಚಾಣದ ಪೆಟ್ಟಿಗೆ ಬಗ್ಗುತ್ತದೆ ಕೂಡ. ಹಿಂದಿನಿಂದ ಬಡಿದು ಉಬ್ಬಿಸಿ, ಕಾಯಿಸಿ ಬಿಡಿಸಿ, ಮಗುಚಿ ಹಾಕಿ, ಮುಂದಿನಿಂದ ಕಣ್ಣು, ಕೊಕ್ಕು, ಗರಿ ತಿದ್ದುವುದು. ನಡುನಡುವೆ ತಗಡು ಪೆಟ್ಟು ತಿಂದು ತಿಂದು ಬಿರುಸಾಗುತ್ತದೆ, ಮುಂದೆ ಬಡಿದರೆ ಬಿರುಕೇ. ಆಗ ಅದನ್ನು ಮಂದ ಕೆಂಪಿಗೆ ಬರುವವರೆಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಆ ಮಂದ ಕೆಂಪು ಹಗಲು ಬೆಳಕಿನಲ್ಲಿ ಕಾಣುವುದಿಲ್ಲವಾದ್ದರಿಂದ ಕೋಣೆಯ ಕಿಟಕಿಗೆ ಯಾವಾಗಲೂ ಕಪ್ಪು ಪರದೆ. ಹೊಸದಾಗಿ ಬಾಡಿಗೆಗೆ ಬಂದ ಎದುರುಮನೆಯವರು ಮೊದಲ ತಿಂಗಳೆಲ್ಲ ಇದನ್ನೊಂದು ಗುಟ್ಟಿನ ವ್ಯವಹಾರ ಅಂದುಕೊಂಡಿದ್ದರು. ನಾನೂ ಬೇಗ ತಿದ್ದಲು ಹೋಗಲಿಲ್ಲ.

ಇಷ್ಟಾಗುವ ಹೊತ್ತಿಗೆ ಬಕಲ್ಲಿನ ಮುಖ ಮುಗಿಯಿತು. ಕೊಳ್ಳುವವರು ನೋಡುವುದು ಮುಖವನ್ನೇ, ಫೋಟೋ ತೆಗೆಯುವುದೂ ಅದರದೇ. ನನಗೆ ಕಂಡ ಹಾಗೆ ನಿಜವಾದ ಕಷ್ಟ ಇರುವುದು ಹಿಂಬದಿಯಲ್ಲಿ. ಹಿಂದೆ ಒಂದು ಕಡೆ ಬೆಲ್ಟಿನ ಚರ್ಮ ಸುತ್ತಿಕೊಳ್ಳುವ ಅಡ್ಡಕಂಬಿ, ಇನ್ನೊಂದು ಕಡೆ ಬೆಲ್ಟಿನ ತೂತಿಗೆ ಸಿಕ್ಕಿಸುವ ಪುಟ್ಟ ಕೊಕ್ಕೆ. ಊಟಕ್ಕೆ ಕೂತಾಗ, ಬಗ್ಗಿ ಬೂಟಿನ ಲಾಡಿ ಕಟ್ಟುವಾಗ, ಮದುವೆ ಮನೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಾಗ, ದೇಹದ ತಕರಾರನ್ನೆಲ್ಲ ತಡೆದುಕೊಳ್ಳುವುದು ಆ ಕೊಕ್ಕೆ. ಅದನ್ನು ತಗಡಿಗೆ ಹಿಡಿದಿಟ್ಟಿರುವುದು ಬೇಳೆಯಷ್ಟು ಜಾಗದ ಬೆಸುಗೆ.

ಬೆಸುಗೆ ಹಾಕುವುದನ್ನು ಹತ್ತಿರದಿಂದ ನೋಡಬೇಕೆಂದು ಒಂದು ಮಧ್ಯಾಹ್ನ ಗೋಡೆ ಸುತ್ತಿಕೊಂಡು ಆ ಕಡೆಗೇ ಹೋದೆ. ಇಟ್ಟಿಗೆಯ ಮೇಲೆ ತಗಡು ಬೋರಲು ಮಲಗಿತ್ತು. ಬಿಳಿಗಾರವನ್ನು ನೀರಲ್ಲಿ ತೇಯ್ದು ಕುಂಚದಿಂದ ಸವರಿದಳು. ಬೆಳ್ಳಿ, ತಾಮ್ರ, ಸತು ಬೆರೆಸಿದ ಬೆಸುಗೆಯ ತುಣುಕು, ಉಗುರಿನ ಚೂರಿನಷ್ಟು, ಚಿಮಟದಲ್ಲಿ ಎತ್ತಿ ಕೊಕ್ಕೆಯ ಬುಡದಲ್ಲಿಟ್ಟಳು. ಬೆಂಕಿ ತಾಗಿದ್ದೇ ಬಿಳಿಗಾರ ಉಬ್ಬಿ ನೊರೆಯೆದ್ದು ತುಣುಕನ್ನು ಪಕ್ಕಕ್ಕೆ ತಳ್ಳಿತು. ಕಡ್ಡಿಯಿಂದ ವಾಪಸು ತಂದು ಕೂರಿಸಿದಳು. ಮತ್ತೆ ಬೆಂಕಿ. ಈ ಸಲ ಬಿಳಿಗಾರ ಇಳಿದು ಗಾಜಾಯಿತು. ಬೆಂಕಿಯನ್ನು ಕೊಕ್ಕೆಯ ಹತ್ತಿರಕ್ಕೇ ತರಲಿಲ್ಲ, ದಪ್ಪ ತಗಡಿನ ಸುತ್ತಲೂ ಆಡಿಸುತ್ತಿದ್ದಳು. ಬೆಸುಗೆ ಬಿಸಿ ಇದ್ದ ಕಡೆಗೆ ಓಡುತ್ತದಂತೆ. ಸಣ್ಣ ಕೊಕ್ಕೆ ಬೇಗ ಕಾಯುತ್ತದೆ, ದೊಡ್ಡ ತಗಡು ನಿಧಾನ; ಕೊಕ್ಕೆಗೆ ಮೊದಲು ಬೆಂಕಿ ಹಿಡಿದರೆ ಬೆಸುಗೆಯೆಲ್ಲ ಅದನ್ನೇ ಹತ್ತಿಕೊಂಡು ಕೂರುತ್ತದೆ, ತಗಡಿಗೆ ಅಂಟುವುದೇ ಇಲ್ಲ. ಎರಡೂ ಒಂದೇ ಬಿಸಿಗೆ ಬಂದ ಗಳಿಗೆಯಲ್ಲಿ ತುಣುಕು ಮಿಂಚಿ, ಸರ್ರನೆ ಬುಡದ ಸುತ್ತ ಹರಿದುಹೋಯಿತು. ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು. ಇನ್ನು ಎರಡು ಉಸಿರು ಬೆಂಕಿ ಹಿಡಿದಿದ್ದರೆ ಹಿತ್ತಾಳೆಯ ರೆಕ್ಕೆಯೇ ಕರಗುತ್ತಿತ್ತು ಎಂದು ಆಮೇಲೆ ನಗುತ್ತಾ ಹೇಳಿದಳು. ಆಚಾರ್ರ ಕಾಲದಲ್ಲಿ ಇದೇ ಬೆಂಕಿಯನ್ನು ಊದುಗೊಳವೆಯಲ್ಲಿ ಕೆನ್ನೆ ಉಬ್ಬಿಸಿ ಊದಿ ತಿರುಗಿಸುತ್ತಿದ್ದರು. ಮೂಗಿನಲ್ಲಿ ಉಸಿರು ಎಳೆಯುತ್ತಲೇ ಬಾಯಲ್ಲಿ ಬಿಡುತ್ತಿರಬೇಕು, ಜ್ವಾಲೆ ಅಲುಗಬಾರದು. ಈಗಲೂ ಅವರು ಪಾಯಸ ಆರಿಸಿಕೊಳ್ಳುವಾಗ ಆ ಕೆನ್ನೆ ನೋಡಬೇಕು.

ಬೆಸುಗೆ ಮುಗಿದ ಮೇಲೆ ಕರಕಲು ತೆಗೆಯಲು ಹಿಂದೆ ಹುಣಸೆಹುಳಿಯ ನೀರು, ಈಗ ತೆಳು ಮಾಡಿದ ಆಸಿಡ್ಡು. ಆಮೇಲೆ ಅರ, ಎಮರಿ ಕಾಗದ, ಹೊಳಪು. ಅದು ಯಾರಿಗೂ ಇಷ್ಟವಿಲ್ಲದ, ಅರ್ಧ ದಿನ ತಿನ್ನುವ ಕೆಲಸ; ಅದರ ಬಗ್ಗೆ ಹೆಚ್ಚು ಹೇಳಿ ನಿಮ್ಮ ಹೊತ್ತು ತಿನ್ನುವುದಿಲ್ಲ.

ಇನ್ನೊಂದು ಜಾತಿಯ ಬಕಲ್ ಇದೆಯಲ್ಲ, ಚೌಕಟ್ಟು, ನಡುವೆ ಮುಳ್ಳು, ದಿನಾ ನಾವು ನೋಡುವುದು, ಅದರಲ್ಲಿ ಮುಳ್ಳಿಗೆ ಬೆಂಕಿ ತೋರಿಸುವುದೇ ಇಲ್ಲ. ಕಾಯಿಸಿದರೆ ಮೆತ್ತಗಾಗಿ ವಾರದಲ್ಲಿ ಬಗ್ಗಿಹೋಗುತ್ತದೆ. ಆಚಾರ್ರು ತಮ್ಮ ಹಳೆಯ ಕಂಬಚ್ಚಿನಲ್ಲಿ ತಂತಿಯನ್ನು ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆದು ಎಳೆದು ಬಿರುಸು ಮಾಡಿಕೊಡುತ್ತಾರೆ. ಅವಳು ಅದನ್ನು ಅಡಿಗಲ್ಲಿನ ಮೇಲೆ ತಟ್ಟಿ ಚಪ್ಪಟೆ ಮಾಡಿ ಅಡ್ಡಕಂಬಿಗೆ ಸುತ್ತುತ್ತಾಳೆ. ಮೊಮ್ಮಗಳ ಉದ್ಯೋಗದಲ್ಲಿ ಅಜ್ಜ ವಹಿಸಿಕೊಂಡಿರುವ ಖಾತೆ ಇದೊಂದೇ. ಉಳಿದದ್ದಕ್ಕೆ ಅವರು ವಿರೋಧ ಪಕ್ಷ.

ವಿರೋಧಕ್ಕೆ ಕಾರಣ ಇದೆ. ಅದು ನನಗೆ ಗೊತ್ತಾದದ್ದು ಒಂದು ಶ್ರಾವಣ ಶನಿವಾರ, ನುಗ್ಗೆಸೊಪ್ಪು ಕೊಡಲು ಹೋದಾಗ. 1963ರ ಜನವರಿಯಲ್ಲಿ, ಚೀನಾ ಯುದ್ಧ ಮುಗಿದ ಮೇಲೆ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದರು. ಹೊಸ ಒಡವೆ 14 ಕ್ಯಾರೆಟ್ ಮೀರುವ ಹಾಗಿಲ್ಲ. ನೂರಕ್ಕೆ ತೊಂಬತ್ತೊಂದು ಪಾಲಿಗಿಂತ ಹೆಚ್ಚು ಚಿನ್ನವಿರುವ 22 ಕ್ಯಾರೆಟ್ಟಿನಲ್ಲಿ ಪಳಗಿದ ಕೈಗೆ, ಐವತ್ತೆಂಟು ಪಾಲಿನ ಈ ಲೋಹ ಒಗ್ಗಲಿಲ್ಲ. ಹೆಂಗಸರಿಗಂತೂ ಬಣ್ಣವೇ ಹಿಡಿಸಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಕ್ಯಾರೆಟ್ಟಿನ ಮಿತಿ ಕೆಲವು ವರ್ಷಗಳಲ್ಲಿ ಸಡಿಲವಾದರೂ 1968ರಲ್ಲಿ ಕಾಯ್ದೆಯೇ ಬಂತು. ಲೈಸೆನ್ಸು, ಲೆಕ್ಕದ ಪುಸ್ತಕ, ತಪಾಸಣೆ ಎಲ್ಲ 1990ರಲ್ಲಿ ಅದು ರದ್ದಾಗುವವರೆಗೆ ನಡೆಯಿತು. “ಅರವತ್ಮೂರ್ರಲ್ಲಿ ನಂಗೆ ಹದಿನೆಂಟು ಟೀಚರಮ್ಮ. ಅಪ್ಪ ಕುಲುಮೆ ಮುಂದೆ ಸುಮ್ನೆ ಕೂತಿರೋರು,” ಎಂದರು ಆಚಾರ್ರು. ಮೊದಲು ಬೆಳ್ಳಿ ಉಡಿದಾರ, ಕಾಲುಂಗುರ. ಅದೂ ಸಾಲದಾದಾಗ ಮದುವೆಯ ಬ್ಯಾಂಡ್‌ಸೆಟ್ಟಿನವರ ಸಮವಸ್ತ್ರಕ್ಕೆ ಹಿತ್ತಾಳೆ ಬಕಲ್. ಚಿನ್ನದ ಕೈ ಹಿತ್ತಾಳೆಗೆ ಇಳಿದದ್ದು ಮನೆಯಲ್ಲಿ ಯಾರೂ ಆಡದ ಮಾತಾಗಿತ್ತು. ಈಗ ಮೊಮ್ಮಗಳು ತಾನಾಗಿ, ಸಂತೋಷವಾಗಿ, ಅದೇ ಹಿತ್ತಾಳೆ ಬಕಲ್ ಮಾಡಿ ಅದಕ್ಕೆ ಕಲೆ ಅನ್ನುತ್ತಿದ್ದಾಳೆ. “ಹೊಟ್ಟೆಗಿಲ್ದೆ ಮಾಡಿದ ಕೆಲ್ಸಾನ ಹೊಟ್ಟೆ ತುಂಬಿದವ್ರು ಯಾಕೆ ಮಾಡ್ಬೇಕು?” ಅವಳು ಒಳಗಿನಿಂದ, “ತಾತ, ನಿಮ್ಮಪ್ಪ ಮಾಡಿದ ಒಂದು ಬಕಲ್ ಸಿಕ್ರೆ ಈಗ ಮ್ಯೂಸಿಯಮ್‌ನಲ್ಲಿ ಇಡ್ತಾರೆ,” ಎಂದಳು. “ಅವತ್ತು ಒಂದೂವರೆ ರೂಪಾಯಿ ಕೊಡೋಕೆ ಅಳೋರು,” ಎಂದು ಆಚಾರ್ರು ಮಾತು ಮುಗಿಸಿದರು.

ಅವರು ರೂಪಾಯಿ ಅಂದರೆ ನನಗೆ ಅವರ ಇನ್ನೊಂದು ಕಥೆ ನೆನಪಾಗುತ್ತದೆ. ಉಡಿದಾರಕ್ಕೆ ಜನ ಬೆಳ್ಳಿ ಗಟ್ಟಿ ತರುತ್ತಿರಲಿಲ್ಲ, ವಿಕ್ಟೋರಿಯಾ ರಾಣಿ, ಜಾರ್ಜ್ ದೊರೆಗಳ ರೂಪಾಯಿ ತರುತ್ತಿದ್ದರು. ಒಂದು ರೂಪಾಯಿ ಸರಿಯಾಗಿ ಒಂದು ತೊಲ, ಹಾಗಾಗಿ ತಕ್ಕಡಿಯ ತಗಾದೆಯೇ ಇಲ್ಲ. ಎಣಿಸಿದರೆ ತೂಕ ಆಯಿತು. ನೂರಕ್ಕೆ ತೊಂಬತ್ತೆರಡು ಪಾಲಿನಷ್ಟು ಬೆಳ್ಳಿ. ಆದರೆ ಯುದ್ಧದ ಕಾಲದಲ್ಲಿ, 1940ರಿಂದ, ಅರ್ಧ ಬೆಳ್ಳಿಯ ರೂಪಾಯಿ ಬಂತು. ಅದನ್ನು ಗುಂಪಿನಲ್ಲಿ ಸೇರಿಸಿ ತರುವ ಚಾಲಾಕಿಗಳಿದ್ದರು. ಆಚಾರ್ರ ಅಪ್ಪ ಇಸವಿ ಓದುವ ಮೊದಲು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರಂತೆ. ಅಮೆರಿಕದ ನವಾಹೋ ಜನರೂ ಹೀಗೆಯೇ, ಮೆಕ್ಸಿಕೋದ ಬೆಳ್ಳಿಗಾರರಿಂದ ಕೆಲಸ ಕಲಿತು, ಡಾಲರು, ಪೆಸೊ ಬಡಿದು ಬೆಲ್ಟಿನ ಬಿಲ್ಲೆ ಮಾಡಿದವರು ಎಂದು ಹುಡುಗಿ ಹೇಳಿದಾಗ ಆಚಾರ್ರಿಗೆ ಆ ಜನರ ಮೇಲೆ ಒಮ್ಮೆಲೇ ಗೌರವ ಬಂದುಬಿಟ್ಟಿತು.

ಅಂಥದೇ ಗೌರವ ಇನ್ನೊಮ್ಮೆ ಬಂದದ್ದು ಇಂಗ್ಲೆಂಡಿನ ಮೇಲೆ. ಸಫೋಕ್ ಸೀಮೆಯ ಸಟನ್ ಹೂ ಎಂಬಲ್ಲಿ 1939ರಲ್ಲಿ ದಿಣ್ಣೆ ಅಗೆದಾಗ ಹಡಗಿನಲ್ಲಿ ಹೂತ ಸಮಾಧಿ ಸಿಕ್ಕಿತು. ಅದರಲ್ಲಿ ಏಳನೇ ಶತಮಾನದ ಆರಂಭದ ಒಂದು ಚಿನ್ನದ ಬಕಲ್. ಈಗ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದೆ. ಹುಡುಗಿ ಫೋನಿನಲ್ಲಿ ಅದರ ಚಿತ್ರ ತೋರಿಸಿದಳು. ಗೇಣಿಗಿಂತ ಕಡಿಮೆ, 13 ಸೆಂಟಿಮೀಟರ್ ಉದ್ದ. ಮೈತುಂಬ ಒಂದನ್ನೊಂದು ಕಚ್ಚಿ ಹೆಣೆದುಕೊಂಡ ಹಾವು, ಮೃಗ, ಗೆರೆಗಳಲ್ಲಿ ಕಪ್ಪು ತುಂಬಿದೆ. ನಾನು “ಅಬ್ಬಾ” ಎಂದೆ. ಆಚಾರ್ರು ಕೇಳಿದ್ದು ಎರಡೇ ಪ್ರಶ್ನೆ. “ತೂಕ?” 412 ಗ್ರಾಂ. ಮನಸ್ಸಿನಲ್ಲೇ ಲೆಕ್ಕ ಹಾಕಿ, “ಮೂವತ್ತೈದು ತೊಲ ಮೇಲಾಯ್ತು,” ಎಂದರು. “ಹಿಂದ್ಗಡೆ ತೋರ್ಸು.” ಹಿಂದಿನ ಫಲಕ ಕೀಲಿನ ಮೇಲೆ ತೆರೆಯುತ್ತದೆ, ಒಳಗೆ ಟೊಳ್ಳು, ಮುಚ್ಚಿದರೆ ಮೂರು ಜಾರುಗೀಲಿನಲ್ಲಿ ಭದ್ರವಾಗುತ್ತದೆ. ಆಚಾರ್ರು ಚಿತ್ರವನ್ನು ಬಹಳ ಹೊತ್ತು ಹಿಗ್ಗಿಸಿ ನೋಡಿ, “ಇವ್ನು ಕೆಲ್ಸಗಾರ,” ಎಂದರು. ಹದಿನಾಲ್ಕು ನೂರು ವರ್ಷದ ಹಿಂದಿನ ಆ ಹೆಸರಿಲ್ಲದ ಮನುಷ್ಯನಿಗೆ ಇಷ್ಟು ಸುಲಭಕ್ಕೆ ಸಿಕ್ಕ ಪ್ರಶಸ್ತಿ, ನನ್ನ ಎದುರಿಗೆ ಮೊಮ್ಮಗಳಿಗೆ ಇನ್ನೂ ಸಿಕ್ಕಿಲ್ಲ.

ಬಕಲ್ಲನ್ನು ಬಹಿರಂಗವಾಗಿ ಒಡವೆ ಎಂದು ಒಪ್ಪಿಕೊಂಡವರು ಅಮೆರಿಕದ ದನಗಾಹಿ ಸೀಮೆಯವರು. ಅಲ್ಲಿ ರೋಡಿಯೋ ಗೆದ್ದವನಿಗೆ ಊಟದ ತಟ್ಟೆಯನ್ನು ನಾಚಿಸುವ ಬಕಲ್ ಕೊಡುತ್ತಾರೆ, ಅವನು ಅದನ್ನು ಜೀವಮಾನವಿಡೀ ಹೊಟ್ಟೆಯ ಮೇಲೆ ಹೊತ್ತು ತಿರುಗುತ್ತಾನೆ. ನಮ್ಮ ಕಂಬಳದಲ್ಲಿ ಪವನು ಚಿನ್ನ ಕೊಡುತ್ತಾರೆ, ಅದೇ ಸರಿ; ಕೆಸರುಗದ್ದೆಯ ಓಟಗಾರ ಬಕಲ್ಲನ್ನು ಎಲ್ಲಿ ಸಿಕ್ಕಿಸಿಕೊಂಡಾನು? ನಮ್ಮಲ್ಲೂ ಕೊಡವರು ಸಂಕೋಚ ಮಾಡಿಕೊಂಡವರಲ್ಲ. ಕುಪ್ಯದ ಮೇಲೆ ಕೆಂಪು ಚೇಲೆ ಬಿಗಿದು, ಮುಂದೆ ಬೆಳ್ಳಿ ಕೆಲಸದ ಪೀಚೆಕತ್ತಿ. ಒಡಿಕತ್ತಿ ಕಟ್ಟುವ ದಿನ ಬೆನ್ನ ಹಿಂದೆ ಅದನ್ನು ಹಿಡಿಯುವ ಲೋಹದ ತೊಡಂಗ್. ಆ ತೊಡಂಗ್ ನೋಡಿಯೇ ತನಗೆ ಬಕಲ್ಲಿನ ಹುಚ್ಚು ಹತ್ತಿದ್ದು ಎಂದು ಹುಡುಗಿ ಹೇಳುತ್ತಾಳೆ. ಗೆಳತಿಯ ಮದುವೆಗೆ ಮಡಿಕೇರಿಗೆ ಹೋದವಳು, ಬಾಳೆಕಂಬ ಕಡಿಯುವುದನ್ನು ಎಲ್ಲರೂ ನೋಡುತ್ತಿದ್ದಾಗ ಇವಳು ಕಡಿಯುವವನ ಬೆನ್ನು ನೋಡುತ್ತಿದ್ದಳಂತೆ. ಹುಡುಗನ ಕಡೆಯವರು ತಪ್ಪು ತಿಳಿಯುವಷ್ಟು ಹೊತ್ತು.

ಬೀದರಿನ ಸಹವಾಸವನ್ನೂ ಮಾಡಿ ನೋಡಿದ್ದಾಳೆ. ಬಿದ್ರಿಯ ಕಪ್ಪು ಮೈ, ಅದರಲ್ಲಿ ಬೆಳ್ಳಿಯ ಹೂಬಳ್ಳಿ, ಬಕಲ್ಲಿಗೆ ಅದಕ್ಕಿಂತ ಚೆಂದದ ಮುಖ ಇನ್ನೆಲ್ಲಿದೆ! ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿದ ಎರಕ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಲ್ಲಿ ಕುದಿಸಿ ಅದರಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಜಗ್ಗುವುದಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರ ಕೆಲಸ ನೋಡಿ ಬಂದ ಮೇಲೆ ವಾರಗಟ್ಟಲೆ ಗೋಡೆಯ ಬಳಿ ಬೇರೆ ಮಾತೇ ಇರಲಿಲ್ಲ. ತೊಂದರೆ ಹಿಂಬದಿಯದು. ಸತು 420 ಡಿಗ್ರಿಗೇ ಕರಗುತ್ತದೆ. ಅವಳ ಬೆಳ್ಳಿ ಬೆಸುಗೆ ಹರಿಯಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಕೊಕ್ಕೆ ಕೂರುವ ಮೊದಲೇ ಬಳ್ಳಿ, ಹೂವು ಎಲ್ಲ ಇಟ್ಟಿಗೆಯ ಮೇಲೆ ಹರಿದಿರುತ್ತದೆ. ಕೊನೆಗೆ ಹಿತ್ತಾಳೆಯ ಬೇರೆಯೇ ಚೌಕಟ್ಟು ಮಾಡಿ, ಕೊಕ್ಕೆ ಕಂಬಿಗಳನ್ನೆಲ್ಲ ಅದಕ್ಕೇ ಬೆಸೆದು, ಬೀದರಿನಿಂದ ತರಿಸಿದ ಬಿಲ್ಲೆಯನ್ನು ಅದರಲ್ಲಿ ಕೂರಿಸಿ ಅಂಚು ಮಡಿಚಿದಳು, ಉಂಗುರದಲ್ಲಿ ಕಲ್ಲು ಕೂರಿಸುವ ಕ್ರಮದಲ್ಲಿ. ಭಾರ ಎಲ್ಲ ಹಿತ್ತಾಳೆಯದು, ಹೆಸರೆಲ್ಲ ಬಿದ್ರಿಯದು. ಆಚಾರ್ರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಏನೂ ಹೇಳದೆ ವಾಪಸು ಕೊಟ್ಟರು. ಹೆಸರಿಡದೆ ಕೊಟ್ಟರಲ್ಲ, ಅವರ ಮಟ್ಟಿಗೆ ಅದು ಹೊಗಳಿಕೆಯೇ.

ಹೊಕ್ಕುಳಿನ ಕೆಳಗೆ ತುರಿಕೆ ಅನ್ನುವ ಗಂಡಸರೂ ಅವಳ ಗಿರಾಕಿಗಳೇ. ಅವರಲ್ಲಿ ನಮ್ಮ ಯಜಮಾನರೂ ಒಬ್ಬರು, ಬರೆಯಬೇಡ ಅಂದಿದ್ದಾರೆ. ಯಾವುದೋ ಅಂಗಡಿಯಲ್ಲಿ ಕೊಂಡ ಥಳಥಳ ಬಕಲ್. ಬೇಸಗೆ ಬಂತೆಂದರೆ ಬೆವರಿಗೆ ಚರ್ಮ ಕೆಂಪು. ಊಟದಲ್ಲಿ ಬದನೆಕಾಯಿ ಬಿಟ್ಟರು, ಸೋಪು ಬದಲಾಯಿಸಿದರು. ಚರ್ಮದ ಡಾಕ್ಟರು ಬೆಲ್ಟ್ ಬಿಚ್ಚಿಸಿ ನೋಡಿ ಒಂದೇ ಮಾತು ಹೇಳಿದರು, ನಿಕ್ಕಲ್. ಹೊಳಪಿನ ಲೇಪದಲ್ಲಿ ಅದು ಇರುತ್ತದೆ. ಜರ್ಮನ್ ಸಿಲ್ವರ್ ಅನ್ನುವ ಲೋಹದಲ್ಲೂ ಇದೆ. ಅದರಲ್ಲಿ ತಾಮ್ರ, ನಿಕ್ಕಲ್, ಸತು ಬಿಟ್ಟರೆ ಬೆಳ್ಳಿಯ ಸುಳಿವೇ ಇಲ್ಲ. ಯುರೋಪಿನಲ್ಲಿ 1994ರಲ್ಲೇ ಇದಕ್ಕೆ ಕಟ್ಟಳೆ ಮಾಡಿದ್ದಾರೆ: ಬಹುಕಾಲ ಮೈಗೆ ತಾಗುವ ವಸ್ತುವಿನ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೊಗ್ರಾಂ ಮೀರಿ ನಿಕ್ಕಲ್ ಬಿಡುಗಡೆಯಾಗಬಾರದು. ಆ ಕಾರಣಕ್ಕೇ ಈ ಹುಡುಗಿ ಜರ್ಮನ್ ಸಿಲ್ವರ್ ಮುಟ್ಟುವುದಿಲ್ಲ. ಹಿತ್ತಾಳೆಯದು ಬೇರೆ ಕಾಟ. ಬೆವರು ತಾಗಿದರೆ ಕಿಲುಬು, ಬಿಳಿ ಷರ್ಟಿಗೆ ಹಸಿರು ಮಚ್ಚೆ. ಹಿಂಬದಿಗೆ ಮೇಣ ತಿಕ್ಕಿ ಕೊಡುತ್ತಾಳೆ, ತಿಂಗಳಿಗೊಮ್ಮೆ ಹುಣಸೆಹಣ್ಣಲ್ಲಿ ಉಜ್ಜಿ ಎನ್ನುತ್ತಾಳೆ. ಎನ್‌ಸಿಸಿಯಲ್ಲಿ ಇದ್ದವರು ಮಾತ್ರ ಒಪ್ಪುವುದಿಲ್ಲ, ಅವರಿಗೆ ಬ್ರಾಸೋ ಡಬ್ಬಿಯೇ ಆಗಬೇಕು. ಭಾನುವಾರ ಬೆಳಿಗ್ಗೆ ಪರೇಡಿಗೆ ಮುಂಚೆ ಬಕಲ್ ಉಜ್ಜಿದ ಸುಖವನ್ನು ಅರವತ್ತರ ಗಂಡಸರು ವರ್ಣಿಸುವಾಗ ಕೇಳಬೇಕು. ಒಡವೆಯ ಆಸೆ ಇಲ್ಲದವರು!

ಬೆಲೆಯ ಮಾತು ಬಂದಾಗ ನನಗೂ ಮೊದಮೊದಲು ಎದೆ ಧಸಕ್ಕೆಂದಿತ್ತು. ನೂರು ರೂಪಾಯಿಯ ಹಿತ್ತಾಳೆಯೂ ಹಿಡಿಸದ ಬಕಲ್ಲಿಗೆ 3500 ರೂಪಾಯಿ. ಚಿನ್ನದ ಅಂಗಡಿಯಲ್ಲಿ ಮಜೂರಿ, ತೇಮಾನು ಎಲ್ಲ ಚಿನ್ನದ ರೇಟಿನ ಸೆರಗಿನಲ್ಲಿ ಅಡಗಿ ಕೂರುತ್ತವೆ; ಲಕ್ಷದ ಬಿಲ್ಲಿನಲ್ಲಿ ಹತ್ತು ಸಾವಿರ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿತ್ತಾಳೆಗೆ ಆ ಸೆರಗಿಲ್ಲ. ಕೊಡುವ ದುಡ್ಡೆಲ್ಲ ಕೈಕೆಲಸಕ್ಕೇ ಎಂದು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ಕೊಡುವವರಿಗೆ ಸಂಕಟ. ಬಂದವರು ಮೊದಲು ಕೇಳುವುದು “ಗಟ್ಟಿ ಇದೆಯಾ?” ಎಂದು. ಎಷ್ಟು ತೂಕ ತಡೆಯತ್ತೆ, ತುಕ್ಕು ಹಿಡಿಯತ್ತಾ, ಗ್ಯಾರಂಟಿ ಎಷ್ಟು ವರ್ಷ. ಪಂಪ್‌ಸೆಟ್ಟು ಕೊಳ್ಳುವವರ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ, ಹೊರಡುವಾಗ ಬಾಗಿಲ ಕನ್ನಡಿಯ ಮುಂದೆ ಅರೆನಿಮಿಷ ಹೆಚ್ಚಾಗಿಯೇ ನಿಲ್ಲುತ್ತಾರೆ. ನಾನು ಗೋಡೆಯ ಈಚೆಯಿಂದ ನೋಡಿದ್ದೇನೆ. ಷರ್ಟನ್ನು ಒಮ್ಮೆ ಒಳಗೆ ತುರುಕುತ್ತಾರೆ, ಒಮ್ಮೆ ಹೊರಗೆ ಬಿಡುತ್ತಾರೆ, ಮತ್ತೆ ತುರುಕುತ್ತಾರೆ.

ಅಕ್ಕಸಾಲಿಗರ ಅಂಗಡಿ ಗುಡಿಸಿದ ಕಸವನ್ನು ಹಿಂದೆ ದುಡ್ಡು ಕೊಟ್ಟು ಕೊಳ್ಳಲು ಜನ ಬರುತ್ತಿದ್ದರು. ತೊಳೆದು ಸೋಸಿದರೆ ಚಿನ್ನದ ಪುಡಿ ಸಿಗುತ್ತಿತ್ತು. ಆಚಾರ್ರು ಈಗಲೂ ಸಂಜೆ ಮೊಮ್ಮಗಳ ಮೇಜಿನ ಕೆಳಗಿನ ಹಿತ್ತಾಳೆ ಪುಡಿಯನ್ನು ಮೊಲದ ಕೂದಲಿನ ಕುಂಚದಲ್ಲಿ ಗುಡಿಸಿ ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಾರೆ. ಅದನ್ನು ಯಾರೂ ಕೊಳ್ಳುವುದಿಲ್ಲ ಎಂದರೆ, “ಬಿಸಾಡೋಕೆ ಕೈ ಬರಲ್ಲಮ್ಮ” ಎನ್ನುತ್ತಾರೆ. ಡಬ್ಬಿ ಮೂರನೆಯದು.

ಇಷ್ಟೆಲ್ಲ ಮಾಡಿದ ಬಕಲ್ಲಿಗೆ ದೊಡ್ಡ ಅವಮಾನ ಆಗುವುದು ವಿಮಾನ ನಿಲ್ದಾಣದಲ್ಲಿ. ಬಿಚ್ಚಿ ಪ್ಲಾಸ್ಟಿಕ್ ಟ್ರೇಯಲ್ಲಿ, ಚಪ್ಪಲಿ, ಚಾರ್ಜರುಗಳ ಜೊತೆಗೆ ಹಾಕು ಎನ್ನುತ್ತಾರೆ. ಗಂಡಭೇರುಂಡ ಅಂಗಾತ ಬಿದ್ದುಕೊಂಡು ಎಕ್ಸರೇ ಪೆಟ್ಟಿಗೆಯೊಳಗೆ ಹೋಗುತ್ತದೆ, ಯಜಮಾನರು ಪ್ಯಾಂಟಿನ ಎರಡು ಮಗ್ಗುಲು ಹಿಡಿದುಕೊಂಡು ಆಚೆ ಕಾಯುತ್ತಾರೆ. ಆ ಐದು ನಿಮಿಷದ ಮಟ್ಟಿಗೆ ಮಾತ್ರ, ಅದು ಪ್ಯಾಂಟು ಹಿಡಿಯುವುದಕ್ಕೇ ಇರುವುದು ಅನ್ನುವ ಅವರ ವಾದವನ್ನು ನಾನೂ ಒಪ್ಪುತ್ತೇನೆ.

ಈಗ ನಮ್ಮ ಮನೆಯವರೂ ಒಂದು ಹೇಳಿ ಮಾಡಿಸುತ್ತಿದ್ದಾರೆ. ತುರಿಕೆಗೆ ಔಷಧಿ ಅಂತ ನನಗೆ ಹೇಳಿದ್ದು. ಆಮೇಲೆ ಗೊತ್ತಾಯಿತು, ಅಕ್ಕಪಕ್ಕ ಹೊಯ್ಸಳ ಬಳ್ಳಿ ಬೇಕು, ನಡುವೆ ತಮ್ಮ ಹೆಸರಿನ ಮೊದಲಕ್ಷರ ಬೇಕು, ಅದು ಹಳಗನ್ನಡ ಲಿಪಿಯಲ್ಲೇ ಆಗಬೇಕು ಎಂದು ಗುಟ್ಟಾಗಿ ಚೀಟಿ ಬರೆದು ಗೋಡೆಯ ಮೇಲಿಂದ ದಾಟಿಸಿದ್ದಾರೆ. ಮೊನ್ನೆ ಸಂಜೆ ಹುಡುಗಿ ಅಳತೆ ಕೇಳಿದಳು. ಬಕಲ್ಲಿಗೆ ಬೆಲ್ಟಿನ ಅಗಲ ಒಂದೇ ಸಾಲದು, ಹೊಟ್ಟೆಯ ಸುತ್ತಳತೆಯೂ ಬೇಕು. ಒಂಬತ್ತು ಸೆಂಟಿಮೀಟರ್ ಅಗಲದ ತಗಡು ಚಪ್ಪಟೆಯಾಗಿದ್ದರೆ ಎರಡು ತುದಿಯೂ ಷರ್ಟಿನಿಂದ ಎದ್ದು ನಿಲ್ಲುತ್ತವೆ, ಕೂತಾಗ ಮೇಲಿನ ಅಂಚು ಹೊಟ್ಟೆಗೆ ಚುಚ್ಚುತ್ತದೆ. ಮರದ ದಿಂಡಿನ ಮೇಲಿಟ್ಟು ಕೊಡತಿಯಿಂದ ತಟ್ಟಿ ಬಾಗಿಸಬೇಕು, ಎಷ್ಟು ಬಾಗು ಅನ್ನುವುದನ್ನು ಹೊಟ್ಟೆಯೇ ಹೇಳಬೇಕು. ಬೆಸುಗೆ ಬಿದ್ದ ಮೇಲೆ ಬಾಗಿಸಲು ಹೋದರೆ ಕೊಕ್ಕೆ ಕಿತ್ತು ಬರುತ್ತದೆ, ಹಾಗಾಗಿ ಅಳತೆ ಈಗಲೇ ಆಗಬೇಕು.

“ಮೂವತ್ನಾಲ್ಕು,” ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಅದು ನಮ್ಮ ಮದುವೆಯ ಸೂಟಿನ ಅಳತೆ. ನಾನು ಏನೂ ಹೇಳಲಿಲ್ಲ. ಹುಡುಗಿಯೂ ಹೇಳಲಿಲ್ಲ, ದೊಡ್ಡವರು. ಆಚಾರ್ರು ಮಾತ್ರ ಕುರ್ಚಿ ಬಿಟ್ಟು ಎದ್ದು, ಒಳಗಿನಿಂದ ಟೇಪು ತಂದು, ಗೋಡೆಯ ಹತ್ತಿರ ಬಂದು ನಿಂತರು. ನಮ್ಮವರೂ ಬೇರೆ ದಾರಿಯಿಲ್ಲದೆ ಎದ್ದು ಬಂದು, ಷರ್ಟು ಎತ್ತಿ ಹಿಡಿದು, ಎದೆ ಉಬ್ಬಿಸಿ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ದ್ವಾರಪಾಲಕರ ಗತ್ತಿನಲ್ಲಿ ನಿಂತರು. ಆಚಾರ್ರು ಗೋಡೆಯ ಮೇಲಿಂದ ಬಾಗಿ ಟೇಪು ಸುತ್ತಿ, ಎರಡು ತುದಿ ಸೇರಿಸಿ ಹಿಡಿದುಕೊಂಡು, ಅಂಕಿ ನೋಡುವ ಗೋಜಿಗೇ ಹೋಗದೆ ಸುಮ್ಮನೆ ಕಾದರು. ಬಹಳ ಹೊತ್ತಾಯಿತು. ನಮ್ಮವರ ಮುಖ ನಿಧಾನಕ್ಕೆ ಕೆಂಪಾಗತೊಡಗಿತು.

“ಉಸಿರು ಬಿಡಿ ಸಾರ್,” ಎಂದರು ಆಚಾರ್ರು. “ನಂಗೇನೂ ಅವಸರ ಇಲ್ಲ.”